ಅಂಗಳ ಅಳೆದೆ, ಬಾಗಿಲು ಅಳೆಯಲಿಲ್ಲ

ಬಾರ್ಸಿಲೋನಾದಲ್ಲಿ ನನ್ನದು ಮದುವೆ ಡೆಕೊರೇಷನ್ ಕೆಲಸ. ಲಂಡನ್, ದುಬೈ ಕಡೆಯ ನಮ್ಮವರೇ ಗಿರಾಕಿಗಳು. ಅವರಿಗೆ ಕೋಟೆಯಲ್ಲೇ ಮದುವೆ ಆಗಬೇಕು. ಸ್ಪೇನಿನಲ್ಲಿ ಕೋಟೆಗೇನೂ ಬರ ಇಲ್ಲ. ತರಗೋನಾ ಹತ್ತಿರ ಸಮುದ್ರದ ಬಂಡೆ ಮೇಲೆ ತಮರಿತ್ ಇದೆ, 11ನೇ ಶತಮಾನದ್ದು. ಅದನ್ನು ರಿಪೇರಿ ಮಾಡಿಸಿದ್ದು ಅಮೆರಿಕದ ಚಾರ್ಲ್ಸ್ ಡೀರಿಂಗ್. ಕುಯ್ಲಿನ ಯಂತ್ರ ಮಾರಿ ದುಡ್ಡು ಮಾಡಿದ ಮನೆತನ. ಈಗ ಅಲ್ಲಿ ಮದುವೆ ಊಟ ಬಡಿಸುತ್ತಾರೆ. 886ರಲ್ಲಿ ಶುರುವಾದ ಕಾರ್ದೋನಾ ಕೋಟೆ ಈಗ ಸರ್ಕಾರಿ ಹೋಟೆಲು.

ನಾನು ಎಡವಿದ್ದು ಬೇರೊಂದು ಕೋಟೆಯಲ್ಲಿ. ಹೆಸರು ಬೇಡ, ತಪ್ಪು ನನ್ನದೇ.

ಕನ್ನಡದವರ ಮದುವೆ, ಬೆಳಿಗ್ಗೆ ಮುಹೂರ್ತ. ಒಂದು ತಿಂಗಳು ಮುಂಚೆ ಹೋಗಿ ಅಂಗಳ ಅಳೆದೆ. ಬಿಸಿಲು ಎತ್ತಲಿಂದ, ಹೋಮದ ಹೊಗೆ ಎತ್ತ ಹೋಗುತ್ತದೆ, ಎಲ್ಲ ಬರೆದುಕೊಂಡೆ. ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ ಅಂತ ಗೊತ್ತಿತ್ತು. 1949ರ ಆದೇಶದ ಪ್ರಕಾರ ಇಲ್ಲಿ ಪಾಳು ಬಿದ್ದ ಕೋಟೆಗೂ ರಕ್ಷಣೆ ಇದೆ. ಅದಕ್ಕೇ ತನ್ನ ಕಾಲ ಮೇಲೆ ತಾನೇ ನಿಲ್ಲುವ ಮಂಟಪ ಮಾಡಿಸಿದೆ. ಗಾಳಿಗೆ ಅಲುಗಾಡದಿರಲಿ ಅಂತ ಕಂಬಗಳ ಬುಡಕ್ಕೆ ನೀರಿನ ಡ್ರಮ್ಮು. ಎಲ್ಲ ಮುಗಿಯಿತು ಅಂತ ಬೀಗಿದ್ದೆ.

ಮದುವೆ ಹಿಂದಿನ ದಿನ ಲಾರಿ ಕೆಳಗೇ ನಿಂತಿತು. ಮೇಲಕ್ಕೆ ಹೊತ್ತೇ ಸಾಗಿಸಬೇಕು. ಬಾಗಿಲು ದಾಟಿದ ಕೂಡಲೇ ದಾರಿ ಎಡಕ್ಕೆ ತಿರುಗುತ್ತದೆ, ಎದುರಿಗೆ ಇನ್ನೊಂದು ಬಾಗಿಲು. ನಮ್ಮ ತೊಲೆ 16 ಅಡಿ. ತಲೆ ಮೇಲೆ ಮಾಡಿದೆವು, ಓರೆ ಹಿಡಿದೆವು, ಹಿಂದುಮುಂದು ಮಾಡಿದೆವು. ತಿರುಗಲೇ ಇಲ್ಲ. ತೊಲೆಯ ತುದಿ ಕಲ್ಲಿಗೆ ಉಜ್ಜುತ್ತಿದ್ದಾಗ ಅಲ್ಲಿನ ಮುದುಕ ಕಾವಲುಗಾರ ಓಡಿ ಬಂದು ನಡುವೆ ಅಂಗೈ ಇಟ್ಟ. ಬೈಯಲಿಲ್ಲ. "ಇದನ್ನು ಕಟ್ಟಿದ್ದೇ ಇದಕ್ಕೆ" ಅಂತ ನಕ್ಕ.

ನಾನು ಚಿತ್ರದುರ್ಗದವನು! ಏಳು ಸುತ್ತಿನ ಕೋಟೆಯ ತಿರುವು ಬಾಗಿಲುಗಳಲ್ಲಿ ಕಣ್ಣಾಮುಚ್ಚಾಲೆ ಆಡಿ ಬೆಳೆದವನು. ಇಲ್ಲಿನ ಗ್ರನಾದಾ ಊರಿನ ಅಲ್ಹಂಬ್ರಾ ಕೋಟೆಯಲ್ಲಿ 1348ರ ನ್ಯಾಯದ ಬಾಗಿಲೂ ಹೀಗೇ ಮುರಿಮುರಿದು ಒಳಗೆ ಹೋಗುತ್ತದೆ. ಅದರ ಮುಂದೆ ನಿಂತು ಫೋಟೋನೂ ತೆಗೆಸಿಕೊಂಡಿದ್ದೆ. ನುಗ್ಗಿ ಬರುವವರನ್ನು ತಡೆಯೋಕೆ ಕಟ್ಟಿದ್ದು ನನ್ನ ತೊಲೆಯನ್ನು ಸುಮ್ನೆ ಬಿಡುತ್ತದಾ?

ಕೊನೆಗೆ ಬಾಗಿಲ ಹೊರಗೇ ತೊಲೆಗಳನ್ನು ಎರಡೆರಡು ತುಂಡು ಮಾಡಿದೆವು. ಒಳಗೆ ಕಬ್ಬಿಣದ ಪಟ್ಟಿ, ಬೋಲ್ಟು ಹಾಕಿ ಮತ್ತೆ ಜೋಡಿಸಿದಾಗ ರಾತ್ರಿ 11 ದಾಟಿತ್ತು. ಆ ಗಡಿಬಿಡಿಯಲ್ಲಿ ಒಂದು ಕಂಬ ಎರಡು ಬೆರಳು ಗಿಡ್ಡ ಆಯಿತು. ಕೆಳಗೆ ಹಲಗೆ ಚೂರು ಕೊಟ್ಟು, ಮುಂದೆ ಕುಂಡದ ಬಾಳೆಗಿಡ ಇಟ್ಟು ಮುಚ್ಚಿದೆ. ಧಾರೆ ಮುಗಿಯುವ ತನಕ ನನ್ನ ಕಣ್ಣು ಅಲ್ಲೇ.

ಈಗ ನಮ್ಮ ತೊಲೆ ಯಾವುದೂ 7 ಅಡಿ ಮೀರುವುದಿಲ್ಲ. ಜಾಗ ನೋಡಲು ಹೋದರೆ ಅಷ್ಟೇ ಉದ್ದದ ಪ್ಲಾಸ್ಟಿಕ್ ಪೈಪು ಹೆಗಲ ಮೇಲಿಟ್ಟು ರಸ್ತೆಯಿಂದ ಅಂಗಳದ ತನಕ ನಡೆಯುತ್ತೇನೆ. ಮದುವೆ ಮನೆಯವರು ಜೊತೆಗಿದ್ದರೆ ಸ್ವಲ್ಪ ನಾಚಿಕೆ ಆಗುತ್ತದೆ, ಅಷ್ಟೇ.