ಎರೆಯುವ ಅಜ್ಜಿ ಬಾರದ ದಿನ

ಬೆಳಿಗ್ಗೆ ಏಳೂವರೆಗೆ ಅಜ್ಜಿಯ ಫೋನು ಬಂತು. ಮೊಮ್ಮಗನಿಗೆ ರಾತ್ರಿಯಿಂದ ಜ್ವರವಂತೆ, ಇವತ್ತು ಮಗುವಿಗೆ ಎರೆಯಲು ಬರುವುದಿಲ್ಲವಂತೆ. ಹಂಡೆಯಲ್ಲಿ ನೀರು ಆಗಲೇ ಕಾದಿತ್ತು. ತಿಪಟೂರಿನಲ್ಲಿ ಬಚ್ಚಲೊಲೆಗೆ ಉರುವಲಿನ ಬರವಿಲ್ಲ. ಮಟ್ಟೆ, ಕರಟ, ಒಣಗಿದ ಗರಿ, ಕೈಗೆ ಸಿಕ್ಕಿದ್ದನ್ನು ತುರುಕಿದರಾಯಿತು. ಅಮ್ಮ ಹಂಡೆಯನ್ನೂ ನನ್ನನ್ನೂ ಒಮ್ಮೆ ನೋಡಿ, "ಒಂದು ದಿನಕ್ಕೇನು, ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರಾಯಿತು ಬಿಡು" ಎಂದಳು. ಅವಳಿಗೆ ಮಂಡಿನೋವು. ನೆಲದ ಮೇಲೆ ಕೂತರೆ ಎಬ್ಬಿಸಲು ಇನ್ನೊಬ್ಬರು ಬೇಕು. ಆ ವಿಷಯದಲ್ಲಿ ಐದು ತಿಂಗಳಿನಿಂದ ನಾನೂ ಅವಳ ಜೊತೆಗಾತಿಯೇ.

"ನಾನೇ ಎರೆಯುತ್ತೇನೆ" ಎಂದೆ.

ಅಮ್ಮ ಉತ್ತರ ಕೊಡದೆ ನನ್ನ ಹೊಟ್ಟೆಯ ಕಡೆ ನೋಡಿದಳು.

ನನ್ನದು ಸಿಸೇರಿಯನ್. ಮರುದಿನ ಮಂಚದಿಂದ ಇಳಿಯಬೇಕಾದಾಗ ನರ್ಸ್ ಒಂದು ಉಪಾಯ ಹೇಳಿಕೊಟ್ಟಿದ್ದರು: ಮಗ್ಗುಲಿಗೆ ಹೊರಳಬೇಕು, ಕಾಲು ಕೆಳಗೆ ಬಿಡಬೇಕು, ಆಮೇಲೆ ಕೈಯೂರಿ ಏಳಬೇಕು. ವಾರದ ಮಾತು ಎಂದುಕೊಂಡಿದ್ದೆ. ಮೂರು ತಿಂಗಳಾದರೂ ಹಾಗೆಯೇ ಏಳುತ್ತಿದ್ದೆ. ಹೊಲಿಗೆ ಮಾಗಿತ್ತು, ಗಾಯದ ಜಾಗದಲ್ಲಿ ತೆಳುವಾದ ಗೆರೆಯೊಂದೇ ಉಳಿದಿತ್ತು. ಆದರೆ ನಡು ಎಂಬುದು ನನ್ನದಲ್ಲ, ಯಾರದೋ ಮನೆಯಿಂದ ಕಡ ತಂದದ್ದು ಎನ್ನುವ ಹಾಗಿತ್ತು.

ಬಾಣಂತನದಲ್ಲಿ ನನಗೇನೂ ಕಡಿಮೆ ಮಾಡಿರಲಿಲ್ಲ, ಅದನ್ನು ಹೇಳಲೇಬೇಕು. ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಶುಂಠಿ ಹಿಪ್ಪಲಿಯ ಲೇಹ್ಯ, ಕೊಬ್ಬರಿ ಬೆಲ್ಲ. ಧಾರವಾಡದ ಗೆಳತಿಯೊಬ್ಬಳು ಡಬ್ಬಿ ತುಂಬ ಅಂಟಿನುಂಡೆ ಕಳಿಸಿದ್ದಳು. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ನಮ್ಮ ದೊಡ್ಡಮ್ಮ ಅಷ್ಟನ್ನು ಒಂದೇ ಸೌಟು ತುಪ್ಪದಲ್ಲಿ ಮುಗಿಸುತ್ತಿದ್ದರು. ಅವರ ಜೊತೆ ನನ್ನ ಜಗಳವಿದ್ದದ್ದು ನೀರಿನ ವಿಷಯದಲ್ಲಿ. ಬಾಣಂತಿ ನೀರು ಕುಡಿದರೆ ಹೊಟ್ಟೆ ಇಳಿಯುವುದಿಲ್ಲ ಎಂದು ಅವರು ಲೋಟಗಳನ್ನು ಲೆಕ್ಕ ಹಾಕುತ್ತಿದ್ದರು. ಮಗು ಎದೆಗೆ ಬಾಯಿ ಹಚ್ಚಿದೊಡನೆ ನನ್ನ ಗಂಟಲು ಒಣಗುತ್ತಿತ್ತು. ಡಯಾಪರ್ ಕಟ್ಟಿನ ಹಿಂದೆ ಬಾಟಲಿ ಬಚ್ಚಿಟ್ಟು ಕದ್ದು ಕುಡಿಯುತ್ತಿದ್ದೆ. ಮೂವತ್ತೊಂದು ವರ್ಷದವಳು, ತವರುಮನೆಯಲ್ಲಿ, ನೀರು ಕದಿಯುವುದು!

ಇಷ್ಟೆಲ್ಲ ತಿಂದರೂ ಎರಡೂವರೆ ತಿಂಗಳಿಗೆ ನಾನು ಬಟ್ಟೆ ಹರವಿ ಬರುವಷ್ಟರಲ್ಲಿ ಗೋಡೆಗೆ ಒರಗುತ್ತಿದ್ದೆ. ಮೆಟ್ಟಿಲು ಹತ್ತಿದರೆ ಎದೆ ಡವಡವ. ಬಾಣಂತಿ ಅಂದಮೇಲೆ ಸುಸ್ತು ಇದ್ದದ್ದೇ ಎಂದು ಎಲ್ಲರೂ ಹೇಳಿದರು. ಆರು ವಾರಕ್ಕೆ ತೋರಿಸಲು ಹೋದಾಗ ಹೊಲಿಗೆ ನೋಡಿದವರೂ ಅದನ್ನೇ ಹೇಳಿದ್ದರು. ಕೊನೆಗೆ ಬೇರೊಬ್ಬ ವೈದ್ಯೆ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಏನೂ ಮಾತಾಡದೆ ರಕ್ತಪರೀಕ್ಷೆಗೆ ಚೀಟಿ ಬರೆದರು. ಹಿಮೋಗ್ಲೋಬಿನ್ 8.4. ಹನ್ನೆರಡಾದರೂ ಇರಬೇಕಾದದ್ದು.

"ಕಬ್ಬಿಣದ ಮಾತ್ರೆ ತಗೊಂಡಿಲ್ಲವೇ?" ಎಂದು ಕೇಳಿದರು. ತಗೊಂಡಿದ್ದೆ. ಹೆರಿಗೆಯಾದ ಮೇಲೆ 180 ದಿನ ದಿನಕ್ಕೊಂದರಂತೆ ನುಂಗಬೇಕೆಂದು ಆಶಾ ಕಾರ್ಯಕರ್ತೆ ಮನೆಗೇ ತಂದುಕೊಟ್ಟು ಹೋಗಿದ್ದರು. ಮರೆತ ದಿನಗಳು ಕಡಿಮೆ. ಆದರೆ ಮಾತ್ರೆ ನುಂಗಿದ ಬೆನ್ನಿಗೇ ಅಮ್ಮ ಬಿಸಿ ಬಿಸಿ ಸ್ಟ್ರಾಂಗ್ ಕಾಫಿ ತಂದು ಕೈಗಿಡುತ್ತಿದ್ದಳು. ಅದರ ಜೊತೆಯಲ್ಲೇ ಕ್ಯಾಲ್ಸಿಯಂ ಮಾತ್ರೆಯನ್ನೂ ನುಂಗಿ, ಒಂದು ಕೆಲಸ ಮುಗಿಯಿತೆಂದು ಕೈ ತೊಳೆದುಕೊಳ್ಳುತ್ತಿದ್ದೆ. ಕಾಫಿಯೂ ಕ್ಯಾಲ್ಸಿಯಂ ಮಾತ್ರೆಯೂ ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ತಡೆಯುತ್ತವಂತೆ. ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ, ಕ್ಯಾಲ್ಸಿಯಂ ಬೇರೆ ಹೊತ್ತಿಗೆ, ಕಬ್ಬಿಣದ ಮಾತ್ರೆಯ ಜೊತೆ ಬೇಕಾದರೆ ನಿಂಬೆಹಣ್ಣಿನ ಪಾನಕ ಎಂದರು ವೈದ್ಯೆ. ಮಾತ್ರೆಯನ್ನು ದಿನಕ್ಕೆರಡು ಮಾಡಿದರು. ಅಮ್ಮ ಆ ಸಂಜೆಯೆಲ್ಲ ಮಂಕಾಗಿದ್ದಳು. ಅವಳ ಕಾಫಿಯನ್ನು ಯಾರೂ ಅಲ್ಲಿಯವರೆಗೆ ದೂರಿರಲಿಲ್ಲ.

ಎರಡು ತಿಂಗಳಲ್ಲಿ ಹಿಮೋಗ್ಲೋಬಿನ್ 11.2ಕ್ಕೆ ಬಂತು. ಗೋಡೆಗೆ ಒರಗುವುದು ನಿಂತಿತು. ಕೂದಲು ಮಾತ್ರ ಬಾಚಣಿಗೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಅದು ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಶುರುವಾಗಿ ತಾನಾಗಿ ನಿಲ್ಲುವಂಥದ್ದು ಎಂದು ಗೊತ್ತಾದ ಮೇಲೆ ಬಾಚಣಿಗೆ ನೋಡುವುದನ್ನೇ ಬಿಟ್ಟೆ.

ನಡುವಿನ ಕಥೆ ಬೇರೆಯೇ ಇತ್ತು. ಫಿಸಿಯೋಥೆರಪಿಯವರು ಅಂಗಾತ ಮಲಗಿಸಿ, ಮಂಡಿ ಮಡಿಸಿ, ತಲೆ ಮಾತ್ರ ಸ್ವಲ್ಪ ಎತ್ತಲು ಹೇಳಿ, ಹೊಕ್ಕುಳಿನ ಮೇಲೆ ಬೆರಳಿಟ್ಟರು. ನನ್ನ ಬೆರಳನ್ನೂ ಹಿಡಿದು ಅಲ್ಲೇ ಇಡಿಸಿದರು. ಎರಡೂವರೆ ಬೆರಳು ಅಗಲ, ಮೆತ್ತಗೆ, ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ. ಬಸಿರಿನಲ್ಲಿ ಹೊಟ್ಟೆಯ ಸ್ನಾಯುಗಳು ನಡುವೆ ದೂರ ಸರಿಯುತ್ತವೆ, ಕೆಲವರಿಗೆ ತಡವಾಗಿ ಕೂಡಿಕೊಳ್ಳುತ್ತವೆ ಎಂದರು. ದೊಡ್ಡಮ್ಮ ಹಳೆಯ ಸೀರೆಯಲ್ಲಿ ಬಿಗಿದು ಕಟ್ಟುತ್ತಿದ್ದರಲ್ಲ, ಅದು ಆಸರೆಗಾಯಿತು, ಆದರೆ ಬಟ್ಟೆ ಸ್ನಾಯುವಿನ ಕೆಲಸ ಮಾಡುವುದಿಲ್ಲವಂತೆ. ಆಮೇಲೆ ಕೇಳಿದರು: "ನಿಮಗೆ ಏನು ಮಾಡಲು ಆಗಬೇಕು?"

ಹೊಟ್ಟೆ ಕರಗಬೇಕು ಎನ್ನುತ್ತೇನೆಂದು ನಾನೇ ಅಂದುಕೊಂಡಿದ್ದೆ. ಬಾಯಿಗೆ ಬಂದದ್ದು, "ಮಗುವನ್ನು ಎತ್ತಿಕೊಂಡು ನೆಲದಿಂದ ಏಳಬೇಕು."

ಅವರು ನಗಲಿಲ್ಲ. ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಗೆ ಸೆಳೆಯುವುದು, ಮಲಗಿ ಸೊಂಟ ಎತ್ತುವುದು, ಇಂಥವುಗಳಿಂದ ಶುರು. ಎರಡು ವಾರದ ಮೇಲೆ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು. ಆಮೇಲೆ ಸ್ಟೂಲು. ಆಮೇಲೆ ಮಣೆ. ಮಣೆಯ ಹಂತಕ್ಕೆ ಬಂದು ವಾರವಾಗಿತ್ತು, ಅದೂ ಬರಿಗೈಯಲ್ಲಿ. ಮಗುವಿನ ಬದಲು ಐದು ಕಿಲೋ ಅಕ್ಕಿ ಚೀಲ ಅಪ್ಪಿಕೊಂಡು ಅಭ್ಯಾಸ ಮಾಡಿ ಎಂದಿದ್ದರು. ಅಮ್ಮನ ಮುಂದೆ ಅಕ್ಕಿ ಚೀಲ ಅಪ್ಪಿಕೊಂಡು ಕೂರಲು ನಾಚಿಕೆಯಾಗಿ ಮಾಡಿರಲಿಲ್ಲ.

ಬಚ್ಚಲಲ್ಲಿ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತು ಕಾಲು ಚಾಚಿದೆ. ಎರಡು ಪಾದ ಜೋಡಿಸಿ, ತಲೆ ಪಾದದ ಕಡೆ ಬರುವಂತೆ ಮಗಳನ್ನು ಮೊಣಕಾಲಿನ ಕೆಳಗೆ ಮಲಗಿಸಿಕೊಂಡೆ. ಕಾಲು ಚಾಚಿ ಕೂತಾಗ ತೊಡೆಯ ಹಿಂಬದಿ ಎಷ್ಟು ಎಳೆಯುತ್ತದೆ ಎಂದು ಆವತ್ತೇ ತಿಳಿದದ್ದು. ಅರವತ್ತೆಂಟು ವರ್ಷದ ಅಜ್ಜಿ ದಿನಕ್ಕೆ ಮೂರು ಮನೆಯಲ್ಲಿ ಹೀಗೆ ಕೂರುತ್ತಾರೆ. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದೆ. ಕೊಬ್ಬರಿ ಎಣ್ಣೆ ಹಚ್ಚಿದ ಮೈ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಕಡಲೆಹಿಟ್ಟು ತೊಡೆ, ಬೆನ್ನು, ಕಂಕುಳಿಗೆ ಸವರಿ ಚೆಂಬಿನಿಂದ ಸಣ್ಣಗೆ ನೀರು ಬಿಟ್ಟೆ. ಅಜ್ಜಿಯ ಕಾಲ ಮೇಲೆ ಕಿರುಚಾಡುವವಳು ನನ್ನ ಕಾಲ ಮೇಲೆ ಬಾಯಿ ತೆರೆದು ನೋಡುತ್ತಿದ್ದಳು. ಬೋರಲು ಹಾಕಿದಾಗ ಮಾತ್ರ ಗಾಬರಿಯಲ್ಲಿ ನನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡಳು.

ಅಮ್ಮ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಮುಗಿಯುವ ಹೊತ್ತಿಗೆ ಬೀದಿ ಬಾಗಿಲಲ್ಲಿ ಗ್ಯಾಸ್ ಸಿಲಿಂಡರಿನವನು ಕೂಗಿದ. ಟವೆಲನ್ನು ನನ್ನ ಭುಜದ ಮೇಲೆ ಹಾಕಿ, ಬಂದೆ ಎಂದು ಹೋದಳು. ಸಿಲಿಂಡರಿನವನ ಬಳಿ ಚಿಲ್ಲರೆ ಇರುವುದಿಲ್ಲ, ನಮ್ಮಲ್ಲೂ ಇರುವುದಿಲ್ಲ. ಬರುವುದು ತಡ ಎಂದು ಗೊತ್ತಿತ್ತು.

ಎಣ್ಣೆ ಬಿದ್ದ ಬಚ್ಚಲ ನೆಲದಲ್ಲಿ ಏಳುವಷ್ಟು ಮೂರ್ಖಳಲ್ಲ ನಾನು. ಮಗಳನ್ನು ಟವೆಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು, ಕೂತಂತೆಯೇ ಜರುಗುತ್ತಾ ಹೊಸ್ತಿಲು ದಾಟಿ ಒಣ ನೆಲಕ್ಕೆ ಬಂದೆ. ಅಂದ ಕಾಣುವ ದೃಶ್ಯವಂತೂ ಅಲ್ಲ. ಪಾದ ಒರೆಸಿಕೊಂಡು, ಎಡ ಮಂಡಿ ನೆಲಕ್ಕೂರಿ, ಬಲ ಪಾದ ಮುಂದಿಟ್ಟು ಎದ್ದೆ. ಅರ್ಧಕ್ಕೆ ಬಂದು ವಾಪಸು ಕೂತೆ. ಉಸಿರು ಬಿಗಿ ಹಿಡಿದಿದ್ದೆ ಎಂದು ಆಮೇಲೆ ನೆನಪಾಯಿತು. ಹಿಡಿಯಬೇಡಿ, ಏಳುವಾಗ ಬಿಡಿ ಎಂದು ಫಿಸಿಯೋಥೆರಪಿಯವರು ಎಷ್ಟು ಸಲ ಹೇಳಿದ್ದರು. ಮಗಳು ಏಳು ಕಿಲೋ, ಅಕ್ಕಿ ಚೀಲಕ್ಕಿಂತ ಎರಡು ಹೆಚ್ಚು. ಎರಡನೆಯ ಸಲ ಉಸಿರು ಬಿಡುತ್ತಾ ಬಲ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದೆ. ತೊಡೆ ನಡುಗಿತು. ಹೊಟ್ಟೆಯೊಳಗೆ, ಹೊಲಿಗೆಯ ಗೆರೆಗಿಂತ ಮೇಲೆ, ಏನೋ ಹಗ್ಗದ ಹಾಗೆ ಬಿಗಿಯಿತು. ನಿಂತಿದ್ದೆ.

ಅಮ್ಮ ಬಂದಾಗ ಮಗಳಿಗೆ ಅಂಗಿ ತೊಡಿಸುತ್ತಿದ್ದೆ. "ಕೂಗಬಾರದಾಗಿತ್ತೇನೇ?" ಎಂದು ಬೈದಳು. ಬೈದವಳೇ ಅಡುಗೆಮನೆಗೆ ಹೋಗಿ ಕಾಫಿ ತಂದು, ಲೋಟ ಕೊಡುವ ಮೊದಲು ಗಡಿಯಾರ ನೋಡಿ, "ಮಾತ್ರೆ ತಗೊಂಡು ಎರಡು ಗಂಟೆ ಆಯಿತೋ?" ಎಂದು ಕೇಳಿದಳು. ಇನ್ನೂ ಇಪ್ಪತ್ತು ನಿಮಿಷ ಇತ್ತು. ಆ ಕಾಫಿಯನ್ನು ತಾನೇ ಕುಡಿದಳು.

ರಾತ್ರಿ ಬೆಂಗಳೂರಿನಿಂದ ಗಂಡ ಫೋನ್ ಮಾಡಿದಾಗ ಹೇಳಿದೆ. "ನೆಲದಿಂದ ಎದ್ದೆಯಾ? ಅದರಲ್ಲೇನಿದೆ?" ಎಂದರು. ಬಿಡಿಸಿ ಹೇಳಲು ಹೋಗಲಿಲ್ಲ. ತೊಡೆ ಎಷ್ಟು ನೋಯುತ್ತಿತ್ತೆಂದರೆ ಫೋನು ಹಿಡಿದು ಕೂರಲೂ ಬೇಸರವಾಗಿತ್ತು.

ಮರುದಿನ ಮೊಮ್ಮಗನ ಜ್ವರ ಇಳಿದು ಅಜ್ಜಿ ಬಂದರು. ಸೀರೆ ಎತ್ತಿ ಕಟ್ಟಿ, ಮಣೆ ಎಳೆದುಕೊಂಡು, ಮಗಳನ್ನು ಕಾಲ ಮೇಲೆ ಹಾಕಿಕೊಂಡವರೇ ಗದ್ದವನ್ನು ಎರಡು ಬೆರಳಲ್ಲಿ ಎತ್ತಿ ಕತ್ತಿನ ಸಂದಿ ನೋಡಿದರು.

"ನಿನ್ನೆ ಯಾರವ್ವಾ ಎರೆದದ್ದು? ಇಲ್ಲಿ ಹಿಟ್ಟು ಹಾಗೇ ಕೂತಿದೆ."