ಬೆಂಗಳೂರು–ದೆಹಲಿ: ಎರಡೂಮುಕ್ಕಾಲು ಗಂಟೆ ಅಂತ ನಂಬಿ ಹೊರಡಬೇಡಿ

ಬೆಂಗಳೂರಿನಿಂದ ದೆಹಲಿಗೆ ವಿಮಾನದ ದಾರಿ ಸುಮಾರು 1,700 ಕಿ.ಮೀ. ಹಾರಾಟ ಎರಡೂಮುಕ್ಕಾಲು ಗಂಟೆ. ಇದನ್ನು ನೋಡಿ, ಮಧ್ಯಾಹ್ನ ಊಟ ಮುಗಿಸಿ ಕುತುಬ್ ಮಿನಾರ್ ನೋಡಿಬಿಡೋಣ ಅಂತ ಅಮ್ಮನಿಗೆ ಹೇಳಿದ್ದೆ. ಹೋಟೆಲ್ ರೂಮಿನಲ್ಲಿ ಬ್ಯಾಗ್ ಇಳಿಸಿದಾಗ ಸಂಜೆ ನಾಲ್ಕು ಗಂಟೆ. ಮನೆ ಬಿಟ್ಟಿದ್ದು ಬೆಳಗ್ಗೆ ಆರಕ್ಕೆ!

ಬನಶಂಕರಿಯಿಂದ ವಾಯುವಜ್ರ ಬಸ್ಸಿನಲ್ಲಿ ದೇವನಹಳ್ಳಿ ಏರ್‌ಪೋರ್ಟ್ ಸೇರಲು ಎರಡು ಗಂಟೆ ಮೀರಿತು. ಹೆಬ್ಬಾಳದಲ್ಲೇ ಇಪ್ಪತ್ತು ನಿಮಿಷ ನಿಂತೆವು. ವಿಮಾನ 10.30ಕ್ಕೆ ಹೊರಟು 1.15ಕ್ಕೆ ಸರಿಯಾಗಿಯೇ ಇಳಿಯಿತು. ಆದರೆ ದೆಹಲಿಯ ಟಿ3ರಲ್ಲಿ (ಟರ್ಮಿನಲ್ 3) ನಡೆದು, ಬೆಲ್ಟಿನಿಂದ ಬ್ಯಾಗ್ ತೆಗೆದುಕೊಳ್ಳಲು ಮತ್ತೆ 40 ನಿಮಿಷ. ಮಂಡಿನೋವು ಇರುವವರ ಜೊತೆ ಹೋಗುವುದಾದರೆ ವೀಲ್‌ಚೇರ್ ಮೊದಲೇ ಕೇಳಿಡಿ.

ಅಲ್ಲಿಂದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋ ಹಿಡಿಯಿರಿ, ಬೇರೇನೂ ಯೋಚಿಸಬೇಡಿ. ಇಪ್ಪತ್ತೇ ನಿಮಿಷದಲ್ಲಿ ನವದೆಹಲಿ ಸ್ಟೇಷನ್. ನಿಮ್ಮ ವಿಮಾನ ಟಿ1ಕ್ಕೆ ಬಂದರೆ ಈ ಮೆಟ್ರೋ ಅಲ್ಲ, ಮೆಜೆಂಟಾ ಲೈನ್. ಟಿ1ರಿಂದ ಟಿ3ಕ್ಕೆ ನಡೆದು ಹೋಗಲು ಆಗುವುದಿಲ್ಲ. ಹಾಗಾಗಿ ಟಿಕೆಟ್ಟಿನಲ್ಲಿ ಟರ್ಮಿನಲ್ ಯಾವುದು ಅಂತ ಎರಡು ಸಲ ನೋಡಿ.

ನಾವು ಮೋಸ ಹೋಗಿದ್ದು ಮೆಟ್ರೋ ಇಳಿದ ಮೇಲೆ. ನಮ್ಮ ಹೋಟೆಲ್ ಇದ್ದ ಪಹಾಡ್‌ಗಂಜ್ ಇರುವುದು ರೈಲ್ವೆ ಸ್ಟೇಷನ್ನಿನ ಆಚೆ ಬದಿ. ಆಟೋ ಹತ್ತಿದೆವು. ಸ್ವಲ್ಪ ದೂರ ಹೋಗಿ ಆಟೋದವನು, 'ಆ ರಸ್ತೆ ಬಂದ್, ನಿಮ್ಮ ಹೋಟೆಲೂ ಬಂದ್' ಅಂದ. ಸೀದಾ ಒಂದು ಟ್ರಾವೆಲ್ಸ್ ಆಫೀಸಿಗೆ ಕರೆದುಕೊಂಡು ಹೋದ. ಅಲ್ಲಿದ್ದವನು ಹೋಟೆಲಿಗೆ ಅಂತ ಫೋನ್ ಹಚ್ಚಿ ಕೊಟ್ಟ. ಆ ಕಡೆಯ ದನಿ, 'ರೂಮ್ ಇಲ್ಲ, ಬುಕಿಂಗ್ ಕ್ಯಾನ್ಸಲ್' ಅಂತು. ನಾಲ್ಕು ಸಾವಿರದ ಬೇರೆ ರೂಮ್ ತೋರಿಸಲು ಶುರು ಮಾಡಿದರು. ಅಮ್ಮ ಮೆಲ್ಲಗೆ, 'ನಿನ್ನ ಫೋನಿಂದಲೇ ಮಾಡು ನೋಡೋಣ' ಅಂದರು. ಮಾಡಿದೆ. ಹೋಟೆಲಿನವರು ನಮಗೇ ಕಾಯುತ್ತಿದ್ದರು. ಒಂದು ಗಂಟೆಗೂ ಜಾಸ್ತಿ ಹೊತ್ತು ಹಾಳಾಯಿತು. ನನಗೆ ಇವತ್ತಿಗೂ ಸಿಟ್ಟಿದೆ. ಹೋಟೆಲಿನ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ಬೇರೆಯವರು ಹಚ್ಚಿಕೊಟ್ಟ ಫೋನಿನಲ್ಲಿ ಮಾತಾಡಲೇಬೇಡಿ.

ಅವತ್ತಿನ ಹಸಿವು ತಣಿಸಿದ್ದು ಹೋಟೆಲ್ ಗಲ್ಲಿಯ ಒಂದು ತಳ್ಳುಗಾಡಿ. ಮಟರ್ ಕುಲ್ಚೆ, ಅಂದರೆ ಬಟಾಣಿ ಜೊತೆ ಮೈದಾದ ಮೆತ್ತನೆ ರೊಟ್ಟಿ. ಹಿತ್ತಾಳೆ ಹಂಡೆಯಲ್ಲಿ ಮೆತ್ತಗೆ ಬೆಂದ ಬಟಾಣಿ. ಅದನ್ನು ದೊನ್ನೆಗೆ ಹಾಕಿ, ಈರುಳ್ಳಿ, ಶುಂಠಿ, ಹಸಿಮೆಣಸು ಉದುರಿಸಿ, ಅರ್ಧ ನಿಂಬೆಹಣ್ಣು ಹಿಂಡಿ ಕೊಟ್ಟರು. ಕುಲ್ಚೆಯನ್ನು ತವಾ ಮೇಲೆ ಬಿಸಿ ಮಾಡಿದ್ದರು. ತಟ್ಟೆಗೆ 50 ರೂಪಾಯಿ. ಅಮ್ಮನಿಗೆ ಖಾರ ಕಮ್ಮಿ ಮಾಡಿ ಅಂದಿದ್ದಕ್ಕೆ, ಆ ಅಜ್ಜ ಹಾಕಿದ್ದ ಮೆಣಸನ್ನು ಒಂದೊಂದಾಗಿ ಆರಿಸಿ ತೆಗೆದರು. ಇದ್ದಷ್ಟು ದಿನವೂ ಅಲ್ಲೇ ತಿಂದೆವು.

ನನಗೆ ನೂಕುನುಗ್ಗಲು ಆಗುವುದಿಲ್ಲ. ಚಾಂದನಿ ಚೌಕ್ ಅರ್ಧ ಗಂಟೆಗೇ ಸಾಕಾಯಿತು. ಲೋಧಿ ಗಾರ್ಡನ್‌ಗೆ ಮಾತ್ರ ಬೆಳಗ್ಗೆ ಏಳಕ್ಕೇ ಹೋಗಿ, ಆ ಗೋರಿಗಳ ನಡುವೆ ಸುಮ್ನೆ ಕೂತಿರಬಹುದು.

ವಾಪಸ್ ಬರುವಾಗ, ಅದೂ ಡಿಸೆಂಬರ್ ಕೊನೆ ಅಥವಾ ಜನವರಿ ಆದರೆ, ಬೆಳಗಿನ ವಿಮಾನ ಬೇಡ. ಮಂಜು ಕವಿದರೆ ಗಂಟೆಗಟ್ಟಲೆ ಕೂರಬೇಕು. ನಾವು ಮಧ್ಯಾಹ್ನದ್ದು ತೆಗೆದುಕೊಂಡೆವು, ಕುಲ್ಚೆ ತಿಂದೇ ಹೊರಟೆವು.