ವಾರದ ನಡುವೆ ತೆರೆದಿರುವ ಚರ್ಚು

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನನಗೆ ಚರ್ಚು ಎಂದರೆ ಭಾನುವಾರ ಗಂಟೆ ಬಾರಿಸುವ ಕಲ್ಲಿನ ಕಟ್ಟಡ, ಅಷ್ಟೇ. ಮಗಳಿಗೆ ಎರಡು ತುಂಬಿದ ವರ್ಷ, ಚಳಿಗೆ ಮನೆಯೊಳಗೇ ಕೂತು ಸಾಕಾಗಿ, ಪುಟ್ಟ ಮಕ್ಕಳ ಆಟದ ಗುಂಪು ಹುಡುಕಿಕೊಂಡು ಹೊರಟೆ. ಅದು ಸಿಕ್ಕಿದ್ದು ಚರ್ಚಿನ ಹಾಲ್‌ನಲ್ಲಿ. ಕಾಮನ್‌ವೆಲ್ತ್ ದೇಶದವರಾದ್ದರಿಂದ ನಮಗೂ ಇಲ್ಲಿ ಓಟಿದೆ. ಚುನಾವಣೆಯ ದಿನ ಹೋದರೆ ಮತಗಟ್ಟೆಯೂ ಅದೇ ಹಾಲ್! ಕುಡಿತ ಬಿಡಲು ಹೆಣಗುವವರ ಸಭೆ, ಒಂಟಿ ಹಿರಿಯರ ಮಧ್ಯಾಹ್ನದ ಊಟ, ಎಲ್ಲವೂ ಅಲ್ಲೇ.

ಈಗ ನಾಲ್ಕು ವರ್ಷದಿಂದ ಪ್ರತಿ ಶುಕ್ರವಾರ, ಕೈಯಲ್ಲಿ ದುಡ್ಡಿಲ್ಲದವರಿಗೆ ಪುಕ್ಕಟೆ ದಿನಸಿ ಕೊಡುವ ಅಲ್ಲಿನ ಫುಡ್ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಡಾಕ್ಟರೋ ಶಾಲೆಯವರೋ ಸಮಾಜ ಕಾರ್ಯಕರ್ತರೋ ಕೊಟ್ಟ ವೋಚರ್ ಹಿಡಿದು ಜನ ಬರುತ್ತಾರೆ. ಮೂರು ದಿನಕ್ಕಾಗುವಷ್ಟು ದಿನಸಿ ಕಟ್ಟಿಕೊಡುತ್ತೇವೆ. ದಾನ ಬಂದ ಒಂದೊಂದು ಡಬ್ಬಿಯ ಮೇಲೂ ಅದು ಕೆಡುವ ತಿಂಗಳು, ವರ್ಷವನ್ನು ದಪ್ಪ ಮಾರ್ಕರ್‌ನಲ್ಲಿ ಬರೆದು ಬೇರೆ ಬೇರೆ ಕ್ರೇಟಿಗೆ ಹಾಕುವುದು ನನ್ನ ಪಾಲಿನ ಕೆಲಸ.

ಮೊದಲ ವಾರ ಒಬ್ಬ ಹುಡುಗನಿಗೆ ಅಕ್ಕಿ, ಪಾಸ್ತಾ ತುಂಬುತ್ತಿದ್ದೆ. ಪಕ್ಕದಲ್ಲಿದ್ದ ಹಿರಿಯಾಕೆ ಅವನ ಹತ್ತಿರ ಬಾಗಿ ಮೆಲ್ಲಗೆ ಕೇಳಿದರು: "ಮನೆಯಲ್ಲಿ ಒಲೆ ಇದೆಯೇನಪ್ಪಾ?" ಇರಲಿಲ್ಲ. ಇದ್ದದ್ದು ಒಂದು ಕೆಟಲ್ ಮಾತ್ರ. ಅಂಥವರಿಗೆಂದೇ 'ಕೆಟಲ್ ಬಾಕ್ಸ್' ಇದೆ: ಬಿಸಿನೀರು ಸುರಿದರೆ ಸಿದ್ಧವಾಗುವ ನೂಡಲ್ಸ್, ಸೂಪ್. ಮೊದಲೇ ದುಡ್ಡು ತುಂಬಿಸಿದರಷ್ಟೇ ಕರೆಂಟ್ ಕೊಡುವ ಮೀಟರಿಗೆ ಹಾಕಲೂ ದುಡ್ಡಿಲ್ಲದವರಿಗೆ ಓಪನರ್ ಇಲ್ಲದೆಯೂ ಕೈಯಿಂದಲೇ ತೆರೆಯಬಹುದಾದ ಡಬ್ಬಿಗಳು. ಶ್ರೀಮಂತ ದೇಶದಲ್ಲಿ ಇಂಥ ಪ್ರಶ್ನೆ ಕೇಳಬೇಕಾಗುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಇಲ್ಲಿನ ಅತಿ ದೊಡ್ಡ ಫುಡ್ ಬ್ಯಾಂಕ್ ಜಾಲ ಟ್ರಸೆಲ್. 2000ದಲ್ಲಿ ಸಾಲಿಸ್‌ಬರಿಯಲ್ಲಿ, ಹಸಿದು ಮಲಗುತ್ತಿದ್ದ ಮಕ್ಕಳ ತಾಯಿಯೊಬ್ಬಳ ಮೊರೆ ಕೇಳಿ, ಹೆಂಡರ್ಸನ್ ದಂಪತಿ ತಮ್ಮ ಮನೆಯ ಶೆಡ್ಡಿನಲ್ಲೇ ಶುರು ಮಾಡಿದ್ದು. ಅದು ಊರೂರಿಗೆ ಹಬ್ಬಿದ್ದು ಚರ್ಚುಗಳ ಕೈಹಿಡಿದು. 2023-24ರಲ್ಲಿ ಬ್ರಿಟನ್‌ನಾದ್ಯಂತ ಹಂಚಿದ ಪೊಟ್ಟಣಗಳು 31 ಲಕ್ಷ ದಾಟಿದವು. ಚರ್ಚು ಮಾಡುತ್ತಿರುವುದು ದೊಡ್ಡ ಕೆಲಸ, ನಿಜ. ಆದರೆ ಸರ್ಕಾರ ಹೊರಬೇಕಾದ ಹೊರೆ ಇದು; ಸ್ವಯಂಸೇವಕರ ಹೆಗಲಿಗೆ ಜಾರಿಸಿ ಸುಮ್ಮನಿರುವುದು ತಪ್ಪು.

ಊರಲ್ಲಿ ಅಮ್ಮ ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ: "ಮತಕ್ಕೆ ಸೇರು ಅಂತಾರೇನೇ?" ಇಷ್ಟು ವರ್ಷದಲ್ಲಿ ಒಬ್ಬರೂ ನನ್ನ ದೇವರು ಯಾರೆಂದು ಕೇಳಿಲ್ಲ. ವೋಚರ್ ತಂದವರನ್ನೂ ಕೇಳುವುದಿಲ್ಲ. ಯಾರಾದರೂ ತಾವಾಗಿಯೇ ಪ್ರಾರ್ಥನೆ ಬೇಕೆಂದರೆ ಪಾದ್ರಿ ಮೂಲೆಯ ಕುರ್ಚಿಯಲ್ಲಿ ಅವರ ಜೊತೆ ಕೂರುತ್ತಾರೆ. ನಮ್ಮ ಪಾದ್ರಿ ಹೆಂಗಸು. ಚರ್ಚ್ ಆಫ್ ಇಂಗ್ಲೆಂಡ್ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡಲು ಶುರುಮಾಡಿದ್ದೇ 1994ರಲ್ಲಿ.

ನನ್ನ ಚಿಂತೆ ಬೇರೆ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಾವು ಕ್ರೈಸ್ತರೆಂದು ಬರೆಸಿದವರು ಶೇಕಡಾ 46.2. ಅರ್ಧಕ್ಕಿಂತ ಕೆಳಗಿಳಿದದ್ದು ಅದೇ ಮೊದಲು. ಭಾನುವಾರದ ಬೆಂಚುಗಳು ಖಾಲಿಯಾದಷ್ಟೂ ಚಾವಣಿ ರಿಪೇರಿಗೆ ಹಣ ಹುಟ್ಟುವುದು ಕಷ್ಟ. ಚರ್ಚು ಮುಚ್ಚಿದರೆ ಹಾಲ್ ಕೂಡ ಹೋಗುತ್ತದೆ. ಆಮೇಲೆ ಆ ಹುಡುಗ ಎಲ್ಲಿಗೆ ಹೋಗಬೇಕು?

ಒಲೆಯ ಬಗ್ಗೆ ಕೇಳಿದ ಆ ಹಿರಿಯಾಕೆಗೆ ಈಗ ಎಂಬತ್ತರ ಹತ್ತಿರ. ಮಂಡಿನೋವು ಜಾಸ್ತಿಯಾಗಿದೆ. ಕಳೆದ ವಾರ ಹಾಲ್‌ನ ಬೀಗದ ಕೈಯನ್ನು ನನ್ನ ಕೈಗಿಟ್ಟು, ಹೀಟರ್ ಹಚ್ಚುವುದು ಹೇಗೆಂದು ಎರಡು ಸಲ ತೋರಿಸಿಕೊಟ್ಟರು. ಹಾಲ್ ಬೆಚ್ಚಗಾಗಲು ಮುಕ್ಕಾಲು ಗಂಟೆ ಬೇಕಂತೆ. ಶುಕ್ರವಾರ ಎಂಟೂಕಾಲಿಗೇ ಬಾಗಿಲು ತೆಗೆಯಬೇಕು.